ಜರಾ ನಿಂದ್ರು, ನೆಟ್ ಹತ್ತಲತ್ತದ

ಬೀದರಿನವರಿಗೆ ಕಂಪ್ಯೂಟರಿನ ಊರು ಬೆಂಗಳೂರಲ್ಲ, ಸಿಕಂದರಾಬಾದ್. ಬೆಂಗಳೂರಿಗೆ ಏಳು ನೂರು ಕಿಲೋಮೀಟರ್, ಇಡೀ ರಾತ್ರಿಯ ಬಸ್ಸು. ಹೈದರಾಬಾದಾದರೆ ಝಹೀರಾಬಾದ್ ಮೇಲಿಂದ ಬೆಳಿಗ್ಗೆ ಹೋಗಿ ರಾತ್ರಿ ಊಟಕ್ಕೆ ಮನೆ ಸೇರಬಹುದು. ದವಾಖಾನೆಗೆ, ಮದುವೆ ಸೀರೆಗೆ, ಬೋರ್‌ವೆಲ್ ಮೋಟಾರಿಗೆ ಆ ಕಡೆಯೇ ಹೋಗುವ ಜನ ಕಂಪ್ಯೂಟರಿಗೆ ಬೇರೆ ದಾರಿ ಹಿಡಿಯುತ್ತಾರೆಯೇ? 2001ರಲ್ಲಿ ನಮ್ಮ ಮಾಮಾ ಪಾರ್ಕ್‌ಲೇನಿನ ಚೆನಾಯ್ ಟ್ರೇಡ್ ಸೆಂಟರಿಗೆ ಹೊರಟಾಗ ನಾನೂ ಬೆನ್ನು ಹತ್ತಿದೆ. ಒಂದು ಅಂಗಡಿಯಲ್ಲಿ ಮದರ್‌ಬೋರ್ಡ್, ಇನ್ನೊಂದರಲ್ಲಿ ಹಾರ್ಡ್‌ಡಿಸ್ಕ್, ಕೂಡಿಸಿ ಕೊಡುವವನು ಮೂರನೆಯವನು. ಕೊನೆಗೆ ಮಾಮಾ ಮೋಡೆಮ್ ಕೇಳಿದಾಗ ಅಂಗಡಿಯ ಹುಡುಗ ತಲೆ ಎತ್ತಿ, ‘ಬೀದರ್ ಮೇ ನೆಟ್ ಹೈ ಕ್ಯಾ?’ ಅಂದ. ಮಾಮಾಗೆ ಸಿಟ್ಟು ಬಂತು. ‘ಫೋನ್ ಹೈ ತೋ ನೆಟ್ ಭೀ ರಹ್ತಾ’ ಅಂದು ದುಡ್ಡು ಎಣಿಸಿದರು. ವಾಪಸ್ ಬರುವಾಗ ಮಾನಿಟರ್ ಮಾಮಾನ ತೊಡೆಯ ಮೇಲೆ, ಸಿಪಿಯು ನನ್ನ ಕಾಲ ನಡುವೆ. ಕಂಡಕ್ಟರ್ ಮಾನಿಟರಿಗೆ ಅರ್ಧ ಟಿಕೆಟ್ ಹರಿದ.

ಆ ಹುಡುಗ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ವಿದೇಶ್ ಸಂಚಾರ್ ನಿಗಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿದ್ದು 1995ರ ಆಗಸ್ಟ್ 15ಕ್ಕೆ, ಅದೂ ದೊಡ್ಡ ನಗರಗಳಲ್ಲಿ. ಖಾಸಗಿ ಕಂಪನಿಗಳಿಗೆ ಬಾಗಿಲು ತೆರೆದದ್ದು 1998ರಲ್ಲಿ. ನಮ್ಮಂಥ ಊರಿನವರ ಕೈಗೆ ಅದು ಬಂದದ್ದು ಸಂಚಾರ್‌ನೆಟ್ ಕಾರ್ಡಿನ ರೂಪದಲ್ಲಿ. ಬೆಳ್ಳಿಬಣ್ಣದ ಪಟ್ಟಿ ಕೆರೆದರೆ ಪಾಸ್‌ವರ್ಡ್. ಡಯಲ್ ಮಾಡಬೇಕಾದ ನಂಬರ್ 172233. ಅದಕ್ಕೂ ಬಹಳ ಮೊದಲೇ ಜಿಲ್ಲಾಧಿಕಾರಿ ಕಚೇರಿಗಳು ನಿಕ್‌ನೆಟ್‌ನ ಉಪಗ್ರಹ ಜಾಲದಲ್ಲಿದ್ದವು ನಿಜ. ಆದರೆ ಅದು ಸರ್ಕಾರದ ಸಾಮಾನು, ಓಣಿಯವರಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಮಾಮಾನ ಮನೆ ಹಳೇ ಊರಿನಲ್ಲಿ, ಚೌಬಾರದಿಂದ ಸ್ವಲ್ಪ ಒಳಗೆ. ಫೋನು ಪಡಸಾಲೆಯಲ್ಲಿತ್ತು. ಗೋಡೆಗಳು ಮೊಳಗಟ್ಟಲೆ ದಪ್ಪ. ತಂತಿಯನ್ನು ಒಳಕೋಣೆಗೆ ಎಳೆಯಬೇಕೆಂದರೆ ಗೋಡೆ ಕೊರೆಯಬೇಕು. ಹಾಗಾಗಿ ಕಂಪ್ಯೂಟರೂ ಪಡಸಾಲೆಗೇ ಬಂತು. ಮುಂದೆ ನಡೆದದ್ದಕ್ಕೆಲ್ಲ ಇದೇ ಕಾರಣ ಎಂದು ನನಗೆ ಅನ್ನಿಸುತ್ತದೆ. ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನೆಟ್ ನೋಡುವುದನ್ನು ನಾವು ಕಲಿಯಲೇ ಇಲ್ಲ. ಬಂದವರು, ಹೋದವರು, ಹಾಲಿನವನು, ಅಕ್ಕಿ ಆರಿಸುತ್ತ ಕುಳಿತ ಮಾಮಿ, ಎಲ್ಲರ ಎದುರಿಗೇ ಆ ಮೋಡೆಮ್ ಕೂಗುತ್ತಿತ್ತು.

ಕೂಗು ಎಂದರೆ ಸಾಧಾರಣ ಕೂಗಲ್ಲ. ಮೊದಲು ಡಯಲ್ ಟೋನು, ನಂತರ ಆರು ಅಂಕಿಯ ಟಿಕ್ ಟಿಕ್, ಆ ಕಡೆ ಎತ್ತಿಕೊಂಡ ಕೂಡಲೇ ಒಂದು ಉದ್ದನೆಯ ಸೀಟಿ, ಅದರ ಮೇಲೆ ಕೀರಲು, ಕರಕರ, ಎರಡು ಸಲ ‘ಡಂಗ್ ಡಂಗ್’, ಕೊನೆಗೆ ಸುಂಯ್ ಎಂದು ಏಕನಾದ. ಆಮೇಲೆ ತಟ್ಟನೆ ಸುಮ್ಮನಾಗುವುದು. ಮೊದಲ ದಿನ ಮಾಮಿ ಅಡುಗೆಮನೆಯಿಂದ ಓಡಿ ಬಂದು, ‘ಯಾಕ ಹಿಂಗ ಒದರಲತ್ತದ ಅದು? ಏನಾಯ್ತು?’ ಅಂದರು. ‘ಜರಾ ನಿಂದ್ರು, ನೆಟ್ ಹತ್ತಲತ್ತದ’ ಅಂದರು ಮಾಮಾ, ಕೈ ಎತ್ತಿ. ಆ ಮಾತು ಮುಂದೆ ಮನೆಯಲ್ಲಿ ಗಾದೆಯೇ ಆಯಿತು. ಹಾಲು ಉಕ್ಕಿದರೂ ‘ಜರಾ ನಿಂದ್ರು’, ಬಾಗಿಲು ಬಡಿದರೂ ‘ಜರಾ ನಿಂದ್ರು’.

ಫೋನ್ ತಂತಿ ಮನುಷ್ಯರ ಮಾತಿಗೆಂದು ಹಾಕಿದ್ದು. ಮಾತಿನ ಕರೆಯಲ್ಲಿ 300ರಿಂದ 3400 ಹರ್ಟ್ಸ್‌ವರೆಗಿನ ದನಿಯಷ್ಟೇ ಮರ್ಯಾದೆಯಿಂದ ದಾಟುತ್ತದೆ. ಕಂಪ್ಯೂಟರಿನ ಸೊನ್ನೆ-ಒಂದುಗಳನ್ನು ಆ ಇಕ್ಕಟ್ಟಿನೊಳಗೆ ದನಿ ಮಾಡಿ ತುರುಕುವುದು, ಆ ಕಡೆಯಿಂದ ಬಂದ ದನಿಯನ್ನು ಮತ್ತೆ ಅಂಕಿ ಮಾಡುವುದು ಮೋಡೆಮ್‌ನ ಕೆಲಸ. ನಮಗೆ ಕೇಳುತ್ತಿದ್ದ ಗದ್ದಲ ಎರಡು ಮೋಡೆಮ್‌ಗಳ ಚೌಕಾಸಿ: ಲೈನು ಎಷ್ಟು ಸ್ವಚ್ಛ ಇದೆ, ಎಷ್ಟು ವೇಗಕ್ಕೆ ಮಾತಾಡೋಣ, ಪ್ರತಿಧ್ವನಿ ಎಷ್ಟು. ಡಬ್ಬಿಯ ಮೇಲೆ 56ಕೆ ಎಂದು ಬರೆದಿದ್ದರೂ ವಿಂಡೋಸ್ 98ರ ಮೂಲೆಯಲ್ಲಿ ಮಿನುಗುವ ಎರಡು ಪುಟ್ಟ ಪರದೆಗಳ ಮೇಲೆ ಮೌಸ್ ಒಯ್ದರೆ 45,333 ಎಂದು ತೋರಿಸುತ್ತಿತ್ತು. ಒಳ್ಳೆಯ ದಿನ 48,000. ನಾಲ್ಕು ಎಂಬಿಯ ಒಂದು ಹಾಡು ಇಳಿಯಲು ಕಾಲು ಗಂಟೆ, ನಡುವೆ ಕಟ್ಟಾಗದಿದ್ದರೆ. ಸ್ವಲ್ಪ ದಿನಕ್ಕೆ ನಮಗೆ ಆ ಅಂಕಿ ನೋಡುವ ಅಗತ್ಯವೇ ಬೀಳಲಿಲ್ಲ. ‘ಡಂಗ್ ಡಂಗ್’ ಸರಿಯಾಗಿ ಬಂದರೆ ನೆಟ್ ಛಲೋ. ಕರಕರ ಉದ್ದವಾಯಿತೆಂದರೆ ವೇಗ ಇಳಿಯಿತು. ಅಕ್ಕಿ ಆರಿಸುತ್ತಲೇ ಮಾಮಿ ‘ಇವತ್ತ ಬರಲ್ಲ ಬಿಡು’ ಎಂದು ತೀರ್ಪು ಕೊಡುತ್ತಿದ್ದರು. ಹೆಚ್ಚಿನ ಸಲ ಅದು ಖರೇ ಆಗುತ್ತಿತ್ತು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಹಚ್ಚಬೇಕೆಂದರೆ ಮೋಡೆಮ್‌ನ ಬಾಯಿ ಮುಚ್ಚಿಸುವ ಆದೇಶವೊಂದಿತ್ತು, ಎಟಿಎಂ0. ಬೀದರಿನಲ್ಲಿ ದುಡ್ಡಿನ ಎಟಿಎಂ ಬಳಸುವ ಮೊದಲೇ ನಾನು ಬಳಸಿದ ಎಟಿಎಂ ಅದು.

ಮೀಟರು ಎರಡು ಕಡೆ ಓಡುತ್ತಿತ್ತು, ಕಾರ್ಡಿನ ಗಂಟೆಗಳು ಒಂದು ಕಡೆ, ಫೋನಿನ ಕಾಲ್‌ಗಳು ಇನ್ನೊಂದು ಕಡೆ. ಹೀಗಾಗಿ ಮಾಮಾ ಒಂದು ನೋಟ್‌ಬುಕ್ ಇಟ್ಟಿದ್ದರು. ನೆಟ್ ಹಚ್ಚುವ ಮೊದಲು ಏನೇನು ಮಾಡಬೇಕೆಂದು ಸಂತೆಗೆ ಹೊರಟವರ ಚೀಟಿಯಂತೆ ಬರೆಯಬೇಕು: ತೊಗರಿ ಧಾರಣೆ, ರೈಲಿನ ಸಮಯ, ನನ್ನ ಪರೀಕ್ಷೆಯ ಟೈಮ್‌ಟೇಬಲ್, ಎದುರುಮನೆಯವರ ಅಳಿಯನಿಗೆ ಮೇಲ್. ಮೇಲ್‌ಗಳನ್ನೆಲ್ಲ ಮೊದಲೇ ನೋಟ್‌ಪ್ಯಾಡಿನಲ್ಲಿ ಟೈಪ್ ಮಾಡಿಟ್ಟುಕೊಂಡು, ಹಚ್ಚಿದ ಕೂಡಲೇ ಅಂಟಿಸಿ ಕಳಿಸುವುದು. ಬಂದ ಪುಟಗಳನ್ನು ಓದದೆಯೇ ಸೇವ್ ಮಾಡಿ, ಲೈನ್ ಬಿಟ್ಟು, ಆಮೇಲೆ ಆರಾಮಾಗಿ ಓದುವುದು. ಇಂಟರ್ನೆಟ್‌ನಲ್ಲಿ ಸುಮ್ಮನೆ ಅಡ್ಡಾಡುವುದು ಎಂಬುದನ್ನು ನಾನು ಮಾಡಿದ್ದು ಬಹಳ ವರ್ಷಗಳ ನಂತರ, ಮತ್ತು ಅದರಿಂದ ನನಗೆ ಉಪಕಾರವಾಯಿತೆಂದು ಹೇಳಲಾರೆ.

ಓಣಿಯಲ್ಲಿ ಕೋರ್ಟಿನ ನೌಕರಿಯಿಂದ ನಿವೃತ್ತರಾದ ಒಬ್ಬ ಚಾಚಾ ಇದ್ದರು. ಅವರ ಚೀಟಿಯಲ್ಲಿ ಒಂದೇ ಬಾಬ್ತು: ಹೈದರಾಬಾದಿನ ಉರ್ದು ಪತ್ರಿಕೆ. ಆಗ ನಸ್ತಾಲಿಕ್ ಅಕ್ಷರಗಳನ್ನು ತೋರಿಸಲು ಬ್ರೌಸರ್‌ಗಳಿಗೆ ಬರುತ್ತಿರಲಿಲ್ಲ. ಪತ್ರಿಕೆಯವರು ಇನ್‌ಪೇಜ್‌ನಲ್ಲಿ ಜೋಡಿಸಿದ ಪುಟವನ್ನೇ ಚಿತ್ರ ಮಾಡಿ ಹಾಕುತ್ತಿದ್ದರು. ಚಿತ್ರ ಎಂದರೆ ಭಾರ. ಅದು ಮೇಲಿನಿಂದ ಕೆಳಗೆ ಒಂದೊಂದು ಗೆರೆಯಾಗಿ ಇಳಿಯುತ್ತಿತ್ತು. ಚಾಚಾ ಕುರ್ಚಿ ಎಳೆದುಕೊಂಡು ಪರದೆಗೆ ಮೂಗು ಹಚ್ಚಿ ಕೂಡುತ್ತಿದ್ದರು. ಮೊದಲು ಶಿರೋನಾಮೆಯ ಮೇಲಿನ ಚುಕ್ಕಿಗಳು ಮಾತ್ರ ಕಾಣುತ್ತಿದ್ದವು. ಚುಕ್ಕಿ ನೋಡಿಯೇ ಅವರು ಪದ ಊಹಿಸುವುದು, ಗೆರೆ ಇಳಿದಂತೆ ಊಹೆ ಸರಿಯೋ ತಪ್ಪೋ ಗೊತ್ತಾಗುವುದು. ‘ವಜೀರ್’ ಎಂದು ಅವರು ಪಂಥ ಕಟ್ಟಿದ್ದು ಇನ್ನಾವುದೋ ಪದವಾಗಿ ಕೆಳಗಿಳಿದಾಗ ಪಡಸಾಲೆಯೆಲ್ಲ ನಗು. ಅರ್ಧ ಪುಟ ಬಂದು ಲೈನ್ ಕಟ್ಟಾದರೆ ಅರ್ಧ ಸುದ್ದಿಯ ಮೇಲೆಯೇ ಸಂಜೆಯ ಚರ್ಚೆ ನಡೆಯುತ್ತಿತ್ತು.

ಕನ್ನಡದ ಗತಿಯೂ ಹೆಚ್ಚುಕಡಿಮೆ ಅದೇ. ಯು.ಬಿ. ಪವನಜ ಅವರ ‘ವಿಶ್ವಕನ್ನಡ’ 1996ರಿಂದಲೇ ಜಾಲದಲ್ಲಿತ್ತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದಿತ್ತು. ಆದರೆ ಒಬ್ಬರು ಬಳಸಿದ ಫಾಂಟ್ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಪರದೆಯ ತುಂಬ ಚಿತ್ರವಿಚಿತ್ರ ಗೀಟುಗಳು. ಫಾಂಟ್ ಇಳಿಸಲು ಮತ್ತೆ ಲೈನ್ ಹಚ್ಚಬೇಕು. ಚಾಚಾ ಅದನ್ನು ನೋಡಿ ಸಮಾಧಾನ ಪಟ್ಟುಕೊಂಡರು: ‘ನಿಮ್ಮ ಕನ್ನಡಕ್ಕ ಫಾಂಟ್ ಬೇಕು, ನಮ್ಮ ಉರ್ದುಗ ಫೋಟೋ ಬೇಕು. ಇಂಗ್ಲಿಷ್‌ಗ ಏನೂ ಬ್ಯಾಡ.’

ಅವರ ಮಗ ಜಿದ್ದಾದಲ್ಲಿದ್ದ. ಐಎಸ್‌ಡಿ ದರ ಕೇಳಿದರೆ ಮೈ ಜುಮ್ ಅನ್ನುತ್ತಿದ್ದ ಕಾಲ. ಇಂಟರ್ನೆಟ್ ಮೂಲಕ ಫೋನ್ ಮಾಡಲು ಸರ್ಕಾರ ಅನುಮತಿ ಕೊಟ್ಟದ್ದು 2002ರ ಏಪ್ರಿಲ್ 1ರಿಂದ. ನಾವು ಯಾಹೂ ಮೆಸೆಂಜರಿನ ವಾಯ್ಸ್‌ನಲ್ಲೇ ಒಂದು ಶುಕ್ರವಾರ ಪ್ರಯತ್ನಕ್ಕಿಳಿದೆವು. ಈ ಕಡೆಯ ಮಾತು ಆ ಕಡೆ ತಲುಪಲು ಎರಡು ಮೂರು ಸೆಕೆಂಡ್ ಬೇಕು. ಚಾಚಾ ‘ಸಲಾಮ್ ಅಲೈಕುಂ’ ಅನ್ನುತ್ತಾರೆ, ಉತ್ತರ ಬರಲಿಲ್ಲವೆಂದು ಮತ್ತೆ ಅನ್ನುತ್ತಾರೆ, ಅಷ್ಟರಲ್ಲಿ ಮೊದಲನೆಯದರ ಉತ್ತರ ಬಂದು ಎರಡನೆಯದಕ್ಕೆ ಡಿಕ್ಕಿ ಹೊಡೆಯುತ್ತದೆ. ಕೋರ್ಟಿನಲ್ಲಿದ್ದ ಮನುಷ್ಯನಲ್ಲವೇ, ಬೇಗನೆ ಒಂದು ಕ್ರಮ ಕಂಡುಹಿಡಿದರು. ತಮ್ಮ ಮಾತು ಮುಗಿದ ಮೇಲೆ ‘ಬಸ್’ ಅನ್ನಬೇಕು. ‘ಬಸ್’ ಕೇಳಿದ ಮೇಲೆಯೇ ಇನ್ನೊಬ್ಬರು ಬಾಯಿ ತೆರೆಯಬೇಕು. ಮೊಮ್ಮಗಳಿಗೆ ಹಲ್ಲು ಬಂದಿದೆ, ಬಸ್. ಎಷ್ಟು ಹಲ್ಲು, ಬಸ್. ಪಡಸಾಲೆಯಲ್ಲಿದ್ದ ನಾವೆಲ್ಲ ಆ ಹಲ್ಲುಗಳ ಲೆಕ್ಕ ಕೇಳಿಸಿಕೊಂಡೆವು. ಗುಟ್ಟು ಎನ್ನುವುದಕ್ಕೆ ಅಲ್ಲಿ ಆಸ್ಪದವೇ ಇರಲಿಲ್ಲ, ಇರಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ.

ಜಗಳಗಳೂ ಆದವು. ಮಾಳಿಗೆಯ ಮೇಲೆ ಅದೇ ಲೈನಿನ ಇನ್ನೊಂದು ಫೋನಿತ್ತು. ಅಜ್ಜಿ ಅದನ್ನು ಎತ್ತಿ ‘ಯಾರೋ ಸೀಟಿ ಹೊಡಿಲತ್ತಾರ’ ಎಂದರೆ ಮುಗಿಯಿತು, ಕೆಳಗೆ ಮೋಡೆಮ್‌ನ ಸಿಡಿ ಎಂಬ ಕೆಂಪು ದೀಪ ಆರಿತೆಂದೇ ಲೆಕ್ಕ. ಉದಗೀರದ ಬೀಗರು ‘ನಿಮ್ಮ ಫೋನ್ ಹಗಲೆಲ್ಲ ಎಂಗೇಜ್’ ಎಂದು ಮುನಿಸಿಕೊಂಡರು. ಅದನ್ನು ತಿಳಿಸಲಿಕ್ಕೂ ಅವರು ಪತ್ರ ಬರೆಯಬೇಕಾಯಿತು.

ನಾನು ಇಂಜಿನಿಯರಿಂಗ್ ಓದಿದ್ದು ಭಾಲ್ಕಿಯಲ್ಲಿ, 1982ರಲ್ಲಿ ಶುರುವಾದ ರೂರಲ್ ಇಂಜಿನಿಯರಿಂಗ್ ಕಾಲೇಜಿನಲ್ಲಿ. ಈಗ ಅದಕ್ಕೆ ಭೀಮಣ್ಣ ಖಂಡ್ರೆಯವರ ಹೆಸರಿದೆ. ಅಲ್ಲಿ ನೆಟ್ ಎಂದರೆ ಊರಿನ ಸೈಬರ್ ಕೆಫೆ, ಪ್ಲೈವುಡ್ ಗೂಡುಗಳಲ್ಲಿ ನಾಲ್ಕು ಕಂಪ್ಯೂಟರು, ನಾಲ್ಕಕ್ಕೂ ಸೇರಿ ಒಂದೇ ಮೋಡೆಮ್. ಒಬ್ಬ ಫೋಟೋ ತೆರೆದರೆ ಉಳಿದ ಮೂವರು ಬಯ್ಯುತ್ತಿದ್ದರು. ಫಲಿತಾಂಶದ ದಿನ ಮಾತ್ರ ಬೇರೆ ನ್ಯಾಯ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿ, ನಾವು ರಾಜ್ಯದ ಈ ತುದಿಯಲ್ಲಿ. ಅವರ ಜಾಲತಾಣವೇ ನಮ್ಮ ನೋಟೀಸ್ ಬೋರ್ಡು. ಅವತ್ತು ಮೂರು ಕಂಪ್ಯೂಟರ್ ಬಂದ್ ಮಾಡಿ ಒಂದರಲ್ಲೇ ನಂಬರ್ ಹೊಡೆಯುವುದು. ಟೈಪ್ ಮಾಡುವವನೊಬ್ಬ, ಕೂಗುವವನೊಬ್ಬ. ನಮ್ಮೆಲ್ಲರ ನಂಬರೂ 3ಆರ್‌ಬಿ ಎಂದು ಶುರುವಾಗುತ್ತಿದ್ದರಿಂದ ಅದನ್ನು ಬಿಟ್ಟು ಬಾಲವನ್ನಷ್ಟೇ ಕೂಗುತ್ತಿದ್ದರು. ಫೇಲಾದವನಿಗೂ ಪಾಸಾದವನಿಗೂ ಸುದ್ದಿ ಒಂದೇ ಕ್ಷಣಕ್ಕೆ, ಎಲ್ಲರ ಎದುರಿಗೆ. ಬ್ಯಾಕ್ ಉಳಿದವನಿಗೆ ಚಹಾ ಕುಡಿಸುವ ಪದ್ಧತಿಯನ್ನು ಕೆಫೆಯ ಮಾಲೀಕನೇ ಶುರು ಮಾಡಿದ. ಸೆಮಿಸ್ಟರಿಗೆ ಎರಡು ಮೂರು ಚಹಾ ನನಗೂ ದಕ್ಕಿದವು.

ಮೇಲ್‌ಗಳನ್ನು ನಾವು ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಹಾಕಿ ಬರೆಯುತ್ತಿದ್ದೆವು. ಭಾಲ್ಕಿಯಲ್ಲಿ ಕುಳಿತು ಹಾಗೆ ಬರೆಯುವಾಗ ಒಬ್ಬ ಮೇಷ್ಟ್ರು ಒಂದು ಮಾತು ಹೇಳಿದರು. ನಿಜಾಮರ ಕಾಲದಲ್ಲಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದವರು. ನಿಮ್ಮದೂ ಅದೇ ದಾರಿ ಬಿಡ್ರಿ, ಹೊರಗಿನ ಬೋರ್ಡಷ್ಟೇ ಬದಲಾಗ್ಯದ, ಅಂದರು. ಅವರು ಹಂಗಿಸಿದರೋ ಹೊಗಳಿದರೋ ಗೊತ್ತಾಗಲಿಲ್ಲ.

ಔರಾದಿನ ಕತೆ ಬೇರೆ. ಅಪ್ಪ ಅಲ್ಲಿ ಹೈಸ್ಕೂಲ್ ಮೇಷ್ಟ್ರು. 2004ರಲ್ಲಿ ಮಾಮಾ ಹೊಸ ಕಂಪ್ಯೂಟರ್ ಕೊಂಡು ಹಳೆಯದನ್ನು ಮೋಡೆಮ್ ಸಮೇತ ನಮ್ಮ ಮನೆಗೆ ಕಳಿಸಿದರು. ಅಪ್ಪನಿಗೆ ಅದರ ಬಗ್ಗೆ ದೊಡ್ಡ ಗೌರವವೇನೂ ಇರಲಿಲ್ಲ. ಅವರ ಲೆಕ್ಕದಲ್ಲಿ ಕಂಪ್ಯೂಟರ್ ಎಂದರೆ ತಹಸೀಲ್ ಕಚೇರಿಯ ‘ಭೂಮಿ’ ಕಿಟಕಿ. ಕೈಬರಹದ ಪಹಣಿ ನಿಂತು, 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ ಕೈಗೆ ಬರತೊಡಗಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ‘ಅದು ಪಹಣಿ ಕೊಡ್ತದ, ನಿಂದು ಏನ್ ಕೊಡ್ತದ?’ ಅನ್ನುತ್ತಿದ್ದರು.

ನನ್ನದು ಹೆಚ್ಚಿಗೆ ಏನೂ ಕೊಡುತ್ತಿರಲಿಲ್ಲ. ಬೀದರ್ ಪಟ್ಟಣ ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲಿದೆ. ನೆಲ ಗಟ್ಟಿ, ನೀರು ನಿಲ್ಲುವುದಿಲ್ಲ. ಔರಾದಿನ ಕಡೆ ಎರೆಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ನೆಟ್ಟ ಕಂಬವನ್ನೂ ಹೂತ ಕೇಬಲ್ಲನ್ನೂ ಅತ್ತಿತ್ತ ಎಳೆದಾಡುತ್ತದೆ. ಜೋಡಣೆ ಸಡಿಲಾಗಿ ಒಂದು ಹನಿ ನೀರು ಒಳಗಿಳಿದರೆ ಸಾಕು. ಮನುಷ್ಯರು ಮಾತಾಡುವಾಗ ಅಷ್ಟಿಷ್ಟು ಖರಖರವನ್ನು ದಾಟಿ ಅರ್ಥ ಮಾಡಿಕೊಳ್ಳುತ್ತೇವೆ, ಮೋಡೆಮ್ ಮಾಡಿಕೊಳ್ಳುವುದಿಲ್ಲ. ಬೀದರಿನಲ್ಲಿ 45,333 ತೋರಿಸುತ್ತಿದ್ದ ಅದೇ ಡಬ್ಬಿ ಇಲ್ಲಿ 26,400ಕ್ಕೆ ಇಳಿಯಿತು, ಮಳೆ ಬಂದ ಮರುದಿನ 19,200. ನಲವತ್ತು ಕಿಲೋಮೀಟರಿನ ವ್ಯತ್ಯಾಸ ಪರದೆಯ ಮೂಲೆಯಲ್ಲಿ ಅಂಕಿಯಾಗಿ ಕೂತಿತ್ತು.

ಲೈನ್ ನೋಡಲು ಬರುತ್ತಿದ್ದವರನ್ನು ನಾವು ಕಾಕಾ ಅನ್ನುತ್ತಿದ್ದೆವು, ನಿವೃತ್ತಿಗೆ ಬಂದಿದ್ದ ಮನುಷ್ಯ. ಕಂಬದ ಮೇಲಿನ ಡಿಪಿ ಬಾಕ್ಸ್ ತೆರೆದು, ಎರಡು ಕ್ಲಿಪ್ ಸಿಕ್ಕಿಸಿ, ರಿಸೀವರ್ ಕಿವಿಗಿಟ್ಟು ಕಣ್ಣು ಮುಚ್ಚುತ್ತಿದ್ದರು. ‘ಮೇಲ ಇಲ್ಲ, ನೆಲದಾಗ ಅದ’ ಎಂದು ಹೇಳಿದರೆ ಅಗೆಯಲೇಬೇಕು. 1986ರಲ್ಲಿ ಕಿತ್ತೂರಿನಲ್ಲಿ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಶುರುವಾದ ಸುದ್ದಿ ಅವರ ಬಾಯಲ್ಲಿ ನಿನ್ನೆಯ ಮಾತಿನಂತೆ ಬರುತ್ತಿತ್ತು: 128 ಪೋರ್ಟು, ಹವಾನಿಯಂತ್ರಣವಿಲ್ಲದ ಕೋಣೆಯಲ್ಲೂ ನಡೆಯುವಂಥದ್ದು, ನಮ್ಮ ದೇಶದವರೇ ಮಾಡಿದ್ದು. ಮೋಡೆಮ್‌ನ ಕೂಗನ್ನು ಮೊದಲ ಸಲ ಕೇಳಿದಾಗ ಬೇರೆಯವರಂತೆ ಕಿವಿ ಮುಚ್ಚಿಕೊಳ್ಳದೆ ‘ಇನ್ನೊಮ್ಮೆ ಹಚ್ಚು’ ಅಂದವರು ಅವರೊಬ್ಬರೇ. ಎಲ್ಲಿ ಕರಕರ ಹೆಚ್ಚಾಗುತ್ತದೆಂದು ಕೇಳಿಕೊಂಡು ಸೀದಾ ಹೋಗಿ ಕೂಡುರಸ್ತೆಯ ಜೋಡಣೆ ಬಿಚ್ಚಿದರು. ಅವತ್ತು 31,200 ಬಂತು.

ಅಪ್ಪ ಮೋಡೆಮ್‌ಗೆ ಮರ್ಯಾದೆ ಕೊಟ್ಟದ್ದು ಮರುವರ್ಷದ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. ಶಾಲೆಯ ಬೋರ್ಡಿಗೆ ಬರುವ ಮುನ್ನಾದಿನವೇ ನೆಟ್‌ನಲ್ಲಿ ಬರುತ್ತದೆ ಎಂಬ ಸುದ್ದಿ ಹಬ್ಬಿ ಅಂಗಳದಲ್ಲಿ ಹುಡುಗರು ಜಮಾಯಿಸಿದರು. ಕನ್ನಡ ಮಾಧ್ಯಮದವರು, ಮರಾಠಿ ಮಾಧ್ಯಮದವರು, ಅವರ ಜೊತೆ ಅಪ್ಪಂದಿರು, ಒಬ್ಬ ಹುಡುಗಿಯ ಜೊತೆ ಅಜ್ಜಿ. ರಾಜ್ಯದ ಮಕ್ಕಳೆಲ್ಲ ಅದೇ ಬಾಗಿಲು ಬಡಿಯುತ್ತಿದ್ದ ಹೊತ್ತು. ನಮ್ಮ ತಂತಿಯ ನಿಧಾನ ಬೇರೆ. ಪುಟ ತುಂಡುತುಂಡಾಗಿ ಬರುತ್ತಿತ್ತು. ಮೊದಲು ನಂಬರು, ನಂತರ ಹೆಸರು, ಆಮೇಲೆ ಒಂದೊಂದೇ ವಿಷಯ. ಆ ಹುಡುಗಿಯ ಪುಟ ಪ್ರಥಮ ಭಾಷೆ, ದ್ವಿತೀಯ ಭಾಷೆ, ತೃತೀಯ ಭಾಷೆಯವರೆಗೆ ಇಳಿದು ಗಣಿತದ ಎದುರು ನಿಂತುಬಿಟ್ಟಿತು. ವಿಷಯದ ಹೆಸರಿದೆ, ಅಂಕ ಇಲ್ಲ. ಮೋಡೆಮ್‌ನ ಆರ್‌ಡಿ ದೀಪ ಒಮ್ಮೆ ಮಿನುಗಿ ಸುಮ್ಮನಾಯಿತು. ‘ರೀಫ್ರೆಶ್ ಹೊಡೀರಿ’ ಎಂದ ಒಬ್ಬ. ‘ಬ್ಯಾಡ, ಇದ್ದದ್ದೂ ಹೋಗ್ತದ’ ಎಂದ ಇನ್ನೊಬ್ಬ. ಅಪ್ಪನೇ ಗಣಿತದ ಮೇಷ್ಟ್ರು. ಪರದೆಗೆ ಬೆನ್ನು ಮಾಡಿ ಅಜ್ಜಿಯ ಕಡೆ ತಿರುಗಿ, ‘ಪಾಸಾಗ್ಯಾಳ, ನಾ ಹೇಳ್ತೀನಿ, ನಲವತ್ತರ ಮ್ಯಾಲ ಅದ’ ಅಂದರು. ಲೈನ್ ಕಟ್ಟಾಯಿತು. ಮತ್ತೆ ಹಚ್ಚಿ, ಮತ್ತೆ ನಂಬರ್ ಹೊಡೆದು, ಮತ್ತೆ ಮೂರು ಭಾಷೆ ದಾಟಿ ಬಂದದ್ದು 52. ಅಜ್ಜಿ ಕಂಪ್ಯೂಟರಿನ ಕಡೆ ನೋಡಲೇ ಇಲ್ಲ, ಅಪ್ಪನಿಗೆ ಕೈಮುಗಿದಳು.

ಅದೇ ವರ್ಷ ಮಿರಗದ ಮೊದಲ ಮಳೆಗೆ ಮೋಡೆಮ್ ಸತ್ತಿತು. ಗುಡುಗಿದರೆ ಕರೆಂಟಿನ ವೈರು, ಫೋನಿನ ವೈರು ಎರಡನ್ನೂ ಕೀಳಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೆ ಅವತ್ತು ಮೊದಲ ಗುಡುಗೇ ಸಿಡಿಲಾಗಿ ಬಂತು. ಡಬ್ಬಿಯಿಂದ ಸುಟ್ಟ ವಾಸನೆ, ಒಳಗೆ ಕಪ್ಪಾದ ಒಂದು ಚಿಪ್. ರಿಪೇರಿ ಮಾಡುವವನು ಅಂಥ ಡಬ್ಬಿಗಳ ಗುಡ್ಡೆ ತೋರಿಸಿದ.

ಬಿಎಸ್ಸೆನ್ನೆಲ್‌ನ ಬ್ರಾಡ್‌ಬ್ಯಾಂಡ್ ದೇಶದಲ್ಲಿ ಶುರುವಾದದ್ದು 2005ರ ಜನವರಿಯಲ್ಲಿ, 256 ಕೆಬಿಪಿಎಸ್‌ನಿಂದ. ಕೆಲವರು #777 ಒತ್ತಿ ರಿಲಯನ್ಸ್ ಮೊಬೈಲನ್ನೇ ಮೋಡೆಮ್ ಮಾಡಿಕೊಂಡರು. ಮಾಮಾನ ಮನೆಗೆ ಬ್ರಾಡ್‌ಬ್ಯಾಂಡ್ ಬಂದಾಗ ಗೋಡೆಗೊಂದು ಸ್ಪ್ಲಿಟರ್ ಡಬ್ಬಿ ಕೂಡಿಸಿದರು. ಮಾತು ಕೆಳಗಿನ ತರಂಗಗಳಲ್ಲಿ, ನೆಟ್ ಮೇಲಿನವುಗಳಲ್ಲಿ. ಎರಡೂ ಒಟ್ಟಿಗೇ ನಡೆಯುತ್ತವೆ, ಯಾರೂ ಯಾರಿಗೂ ಅಡ್ಡ ಬರುವುದಿಲ್ಲ ಎಂದು ಮಾಮಾ ಮಾಮಿಗೆ ಕಾಗದದ ಮೇಲೆ ಗೆರೆ ಎಳೆದು ವಿವರಿಸಿದರು. ಮಾಮಿ ಎಲ್ಲ ಕೇಳಿಸಿಕೊಂಡರು. ಮರುದಿನ ಉದಗೀರಕ್ಕೆ ಫೋನ್ ಮಾಡಬೇಕಾದಾಗ ರಿಸೀವರಿಗೆ ಕೈ ಹಾಕುವ ಮೊದಲು ಓಣಿಗೆ ಕೇಳುವಂತೆ ಕೂಗಿದರು: ‘ಏ, ನೆಟ್ ಬಿಟ್ಟೀರೇನು? ಬೀಗರಿಗಿ ಫೋನ್ ಹಚ್ಚಲತ್ತೀನಿ!’

‘ಬಿಡೋದು ಬ್ಯಾಡ ಈಗ, ಹಚ್ಚು’ ಅಂದರು ಮಾಮಾ.

‘ನಿಮ್ಮ ಡಬ್ಬಿ ಮ್ಯಾಲ ನಂಗ ಭರೋಸಾ ಇಲ್ಲ. ಮೊದಲ ಬಿಡ್ರಿ.’

ಮಾಮಾ ಎದ್ದು ಹೋಗಿ ಬಿಟ್ಟರು.